ಹೆಗಲ ಮೇಲಿನ ಕೈ

ಮೇ 4

ಗುಬ್ಬಿಯ ದೂರದ ಚಿಕ್ಕಮ್ಮನವರಿಗೆ,

ಗುಬ್ಬಿಯ ಮನೆ ಚಿಕ್ಕಮ್ಮನ ನಮಸ್ಕಾರ. ಫೋನ್ ಮಾಡಿದರೆ ನೀವು "ಹೂಂ", "ಸರಿ", "ಗುಬ್ಬಿಗೆ ಕೊಡಿ" ಅನ್ನುವುದರ ಆಚೆಗೆ ಬರುವುದಿಲ್ಲ. ಅದಕ್ಕೇ ಮೇಲ್ ಬರೆಯುತ್ತಿದ್ದೇನೆ. ಇದನ್ನಾದರೆ ಅರ್ಧಕ್ಕೆ ಇಟ್ಟರೂ ಇನ್ನರ್ಧ ಅಲ್ಲೇ ಕಾಯುತ್ತಿರುತ್ತದೆ.

ಗುಬ್ಬಿಗೆ ನರ್ಸಿಂಗ್ ಸೀಟು ಸಿಕ್ಕಿದ್ದು ನಿಮಗೆ ಗೊತ್ತೇ ಇದೆ. ಜೂನ್ ಕೊನೆಗೆ ಹಾಸ್ಟೆಲ್‌ಗೆ ಹೊರಡುತ್ತಾಳೆ. ಅಲ್ಲಿ ಮೇಜಿನ ಮೇಲೆ ಇಟ್ಟುಕೊಳ್ಳಲು ಅವಳಿಗೊಂದು ಫೋಟೋ ಬೇಕಂತೆ. ಅದರಲ್ಲಿ ಅವಳು, ಅವಳಪ್ಪ, ನಾನು, ಜೊತೆಗೆ ತೀರಿಹೋದ ನಿಮ್ಮ ಅಕ್ಕ, ನಾಲ್ಕು ಜನರೂ ಒಟ್ಟಿಗೆ ನಿಂತಿರಬೇಕಂತೆ. ನಮ್ಮ ಬೀದಿ ತುದಿಯ ಸ್ಟುಡಿಯೋದವರು ತಾವೇ ಸೇರಿಸಿಕೊಡುತ್ತೇವೆ ಅಂದರು. ಇವಳು ಕೇಳಬೇಕಲ್ಲ. "ಬೇಡ, ದೂರದ ಚಿಕ್ಕಮ್ಮನೇ ಮಾಡ್ಬೇಕು. ಅವ್ರಿಗಾದ್ರೆ ಅಮ್ಮನ ಮುಖ ಗೊತ್ತು" ಅಂದಳು. ಅಮ್ಮನ ಮುಖ ನನಗೆ ಗೊತ್ತಿಲ್ಲ, ನಿಜ. ಹಾಲ್‌ನ ಗೋಡೆಯ ಮೇಲೆ ಹತ್ತು ವರ್ಷದಿಂದ ದಿನಾ ನೋಡುತ್ತಿದ್ದೇನೆ, ಒರೆಸುವವಳೂ ನಾನೇ, ಆದರೂ ಗೊತ್ತಿಲ್ಲ.

ಹೋಗಲಿ. ಸ್ಟುಡಿಯೋದಲ್ಲಿ ನಾವು ಮೂವರು ತೆಗೆಸಿಕೊಂಡ ಫೋಟೋ ಇದರ ಜೊತೆ ಇದೆ. ನಿಮ್ಮ ಅಕ್ಕನ ಗೋಡೆಯ ಫೋಟೋವನ್ನೂ ಅವರೇ ಸ್ಕ್ಯಾನ್ ಮಾಡಿಕೊಟ್ಟರು. ಬಿಳಿ ಗೋಡೆಯ ಮುಂದೆ ನಿಂತ, ಮೊಣಕೈಯಿಂದ ಮೇಲೆ ಮಾತ್ರ ಕಾಣುವ ಫೋಟೋ. ಸ್ಟುಡಿಯೋದವರು ನನ್ನನ್ನು ಪರದೆಯ ಅಂಚಿಗೆ ಸರಿಸಿ, "ಮಧ್ಯೆ ಒಬ್ಬರಿಗೆ ಜಾಗ ಬಿಡಿ, ಸೇರಿಸೋರಿಗೆ ಅನುಕೂಲ" ಅಂದರು. ಬಿಟ್ಟೆ. "ಕೈನೂ ತೆಗೀರಿ" ಅಂದರು. ನಾನು ಗುಬ್ಬಿಯ ಹೆಗಲ ಮೇಲೆ ಕೈಯಿಟ್ಟಿದ್ದೆ. ತೆಗೆಯುವುದರೊಳಗೆ ಗುಬ್ಬಿ "ಇರ್ಲಿ" ಅಂದಳು. ಹಾಗೇ ಕ್ಲಿಕ್ಕಿಸಿದರು.

ಇನ್ನೊಂದು ಮಾತು. ಮನೆಯವರ ಅಭಿಪ್ರಾಯ ಏನೆಂದರೆ, ನಿಮ್ಮ ಅಕ್ಕ ಸ್ವಲ್ಪ ತೆಳುವಾಗಿ, ಮಂಜಿನ ಹಾಗೆ ಕಂಡರೆ ಚೆನ್ನ. ತೀರಿಹೋದವರು ಅನ್ನುವುದು ನೋಡಿದವರಿಗೆ ತಿಳಿಯಬೇಕಲ್ಲ.

ಇತಿ,
ಗುಬ್ಬಿಯ ಮನೆ ಚಿಕ್ಕಮ್ಮ

*

ಮೇ 9

ಭಾವನ ಮನೆಯವರಿಗೆ,

ಎರಡೂ ಫೋಟೋ ತಲುಪಿದವು.

ನಾನು ಚಪ್ಪಲಿ ಕಂಪನಿಯೊಂದರ ಕ್ಯಾಟಲಾಗ್ ವಿಭಾಗದಲ್ಲಿ ಕೆಲಸ ಮಾಡುವವಳು. ಬೆಳಗಿನಿಂದ ಸಂಜೆವರೆಗೆ ಚಪ್ಪಲಿಗಳ ಗೀರು ಅಳಿಸಿ, ಕೆಳಗೆ ನೆರಳು ಹಾಕುವುದೇ ಕೆಲಸ. ಮನುಷ್ಯರ ಮುಖ ಮುಟ್ಟಿ ಬಹಳ ಕಾಲವಾಯಿತು. ಆದರೂ ಮಾಡುತ್ತೇನೆ, ಗುಬ್ಬಿ ಕೇಳಿದ್ದಾಳೆ ಅಂತ.

ನಿಮ್ಮ ಮಂಜಿನ ವಿಷಯ. ಒಂದು ಫೋಟೋದ ಮೇಲೆ ಇನ್ನೊಂದನ್ನು ಪದರದ ಹಾಗೆ ಇಟ್ಟಾಗ, ಮೇಲಿನದು ಕೆಳಗಿನದರ ಜೊತೆ ಹೇಗೆ ಬೆರೆಯಬೇಕೆಂದು ನಾವು ಹೇಳಬಹುದು. ಅದಕ್ಕೆ ಬ್ಲೆಂಡ್ ಮೋಡ್ ಅನ್ನುತ್ತಾರೆ. ಮಲ್ಟಿಪ್ಲೈ ಕೊಟ್ಟರೆ ಬಿಳಿ ಮಾಯವಾಗುತ್ತದೆ, ಮಿಕ್ಕಿದ್ದು ಕಪ್ಪಾಗುತ್ತದೆ. ಅಕ್ಕನ ಹಿಂದಿನ ಬಿಳಿ ಗೋಡೆ ಸುಲಭವಾಗಿ ಹೋಗುತ್ತದೆ, ಆದರೆ ನಿಮ್ಮ ಸ್ಟುಡಿಯೋದ ಪರದೆಯ ಹೂಗಳೆಲ್ಲ ಅವಳ ಕೆನ್ನೆಯ ಮೇಲೆ ಅರಳುತ್ತವೆ. ಸ್ಕ್ರೀನ್ ಕೊಟ್ಟರೆ ಇದರ ಉಲ್ಟಾ. ಕಪ್ಪು ಕರಗುತ್ತದೆ, ಎಲ್ಲವೂ ಬೆಳ್ಳಗಾಗುತ್ತದೆ. ಕಣ್ಣು, ಕೂದಲು, ಹುಬ್ಬು ಎಲ್ಲ ಹೋಗಿ ಹೊಗೆ ಉಳಿಯುತ್ತದೆ. ನೀವು ಕೇಳಿದ ಮಂಜು ಅಲ್ಲಿ ಸಿಗುತ್ತದೆ. ಹದಿನೆಂಟು ವರ್ಷದ ಹುಡುಗಿ ಹಾಸ್ಟೆಲ್ ಮೇಜಿನ ಮೇಲೆ ದೆವ್ವವನ್ನು ಇಟ್ಟುಕೊಂಡು ಮಲಗಲಿ ಎನ್ನುವುದಾದರೆ ಹೇಳಿ, ಮಾಡಿಕೊಡುತ್ತೇನೆ.

ಇಲ್ಲವಾದರೆ ನಾರ್ಮಲ್. ಅಕ್ಕನನ್ನು ಅಂಚು ಹಿಡಿದು ಕತ್ತರಿಸಿ, ಇದ್ದ ಹಾಗೆ ನಿಲ್ಲಿಸುವುದು. ಕೆಲಸ ಹೆಚ್ಚು. ನನಗೆ ತೊಂದರೆಯಿಲ್ಲ.

ಭಾವ ನಿಜವಾಗಿಯೂ ಹಾಗೆ ಹೇಳಿದರೇ?

ಇತಿ,
ಗುಬ್ಬಿಯ ಚಿಕ್ಕಮ್ಮ

*

ಮೇ 13

ಗುಬ್ಬಿಯ ದೂರದ ಚಿಕ್ಕಮ್ಮನವರಿಗೆ,

ನೀವು ಬರೆದದ್ದನ್ನು ಎರಡು ಸಲ ಓದಿದೆ. ಮಲ್ಟಿಪ್ಲೈ ಅರ್ಥವಾಯಿತು. ಎರಡು ತೆಳು ಬಟ್ಟೆ ಒಟ್ಟಿಗೆ ಕಿಟಕಿಗೆ ಹಿಡಿದರೆ ಕಪ್ಪಾಗಿ ಕಾಣುತ್ತದಲ್ಲ, ಹಾಗೆ. ನಾನು ಹೊಲಿಗೆಯವಳು, ಪದರದ ವಿಷಯ ನನಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಗುಬ್ಬಿಯ ಹಳೆಯ ಕಂಪ್ಯೂಟರ್‌ನಲ್ಲಿ ಫೋಟೋ ಬೆರೆಸುವ ಸಾಫ್ಟ್‌ವೇರ್ ಇದೆ. ನನ್ನದೇ ಫೋಟೋದ ಮೇಲೆ ಪರದೆಯ ಫೋಟೋ ಇಟ್ಟು ಮಲ್ಟಿಪ್ಲೈ ಕೊಟ್ಟು ನೋಡಿದೆ. ಮೂಗಿನ ಮೇಲೊಂದು ಗುಲಾಬಿ ಬಂತು. ಗುಬ್ಬಿ ಬಿದ್ದು ಬಿದ್ದು ನಕ್ಕಳು.

ದೆವ್ವ ಬೇಡ. ಮಂಜೂ ಬೇಡ. ನಾರ್ಮಲ್ಲೇ ಇರಲಿ. ಆದರೆ ಒಂದು ಮಾತು ಬಾಯಿಬಿಟ್ಟು ಹೇಳುತ್ತೇನೆ, ನಗಬೇಡಿ. ನಿಮ್ಮ ಅಕ್ಕನಿಗೆ ಇನ್ನು ವಯಸ್ಸಾಗುವುದಿಲ್ಲ. ನನಗೆ ದಿನಾ ಆಗುತ್ತಿದೆ. ಅವರ ಪಕ್ಕ ನಿಂತರೆ ನಾನು ಅವರ ಅತ್ತೆಯ ಹಾಗೆ ಕಾಣುತ್ತೇನೆ. ಕಿವಿಯ ಹತ್ತಿರ ನರೆತದ್ದು, ಕಣ್ಣ ಕೆಳಗೆ ಕಪ್ಪು ಕಟ್ಟಿದ್ದು, ಯಾವುದನ್ನೂ ಆ ಸ್ಟುಡಿಯೋದವನ ದೀಪ ಬಿಟ್ಟಿಲ್ಲ. ಬೆರಳುಗಳ ಕಥೆ ಕೇಳಲೇಬೇಡಿ. ನಾನು ಈ ಮನೆಗೆ ಬಂದ ವರ್ಷ ಗುಬ್ಬಿಯ ಶಾಲೆ ಯೂನಿಫಾರ್ಮ್ ಹೊಲಿಯುವಾಗ ಮೆಷಿನ್ ಸೂಜಿ ತೋರುಬೆರಳಿನ ಉಗುರಿನಲ್ಲೇ ಇಳಿದಿತ್ತು. ಅಂದಿನಿಂದ ಆ ಉಗುರು ಎರಡು ಹೋಳಾಗಿಯೇ ಬೆಳೆಯುತ್ತದೆ. ನಿಮ್ಮ ಅಕ್ಕನದು ಚಂದದ ಕೈಯಂತೆ. ನಮ್ಮ ಮನೆಗೆ ಬಂದವರೆಲ್ಲ ಹೇಳಿದ್ದಾರೆ. ಯಾರೂ ಕೇಳದಿದ್ದರೂ ಹೇಳಿದ್ದಾರೆ.

ಹೊಟ್ಟೆಕಿಚ್ಚು ಅನ್ನುತ್ತೀರಾ? ಅನ್ನಿ. ಬದುಕಿರುವ ಸವತಿಯಾದರೆ ಜಗಳವಾದರೂ ಆಡಬಹುದು. ಇವರು ಗೋಡೆಯ ಮೇಲೆ ನಗುತ್ತಾ ನಿಂತಿದ್ದಾರೆ, ಒಂದು ತಪ್ಪೂ ಮಾಡುವುದಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಅದು ಯಾವಾಗಲೂ ನನ್ನದೇ.

ಆದ್ದರಿಂದ ಇಷ್ಟು ಮಾಡಿ. ಅವರನ್ನು ನನಗಿಂತ ದೊಡ್ಡದಾಗಿ ಮಾಡಬೇಡಿ. ಮಿಕ್ಕ ಮೋಡ್‌ಗಳ ಬಗ್ಗೆಯೂ ಬರೆಯಿರಿ, ಕಲಿಯುವ ಆಸೆ ಇದೆ.

ಇತಿ,
ಮನೆ ಚಿಕ್ಕಮ್ಮ

*

ಮೇ 20

ಭಾವನ ಮನೆಯವರಿಗೆ,

ನೆನ್ನೆ ಭಾವ ಫೋನ್ ಮಾಡಿದ್ದರು. ಮಂಜಿನ ವಿಷಯ ಕೇಳಿದೆ. "ಮಂಜಾ? ಯಾವ ಮಂಜು? ನಾನ್ಯಾಕಮ್ಮ ಹಾಗೆ ಹೇಳ್ಲಿ" ಅಂದರು. ಅವರಿಗೆ ಫೋಟೋ ಹೊಲಿಸುತ್ತಾರೋ ತೊಳೆಸುತ್ತಾರೋ ಅದೂ ಗೊತ್ತಿದ್ದ ಹಾಗಿಲ್ಲ. ಯಾರ ಬಾಯಿಯ ಮಾತನ್ನು ಯಾರ ಬಾಯಿಗೆ ಇಟ್ಟಿರಿ ಎಂದು ನಾನು ಕೇಳುವುದಿಲ್ಲ. ಮಾತು ಬೆರೆಸುವುದಕ್ಕೂ ಮೋಡ್‌ಗಳಿವೆ ಎಂದುಕೊಂಡೆ.

ಮೋಡ್ ಕಲಿಯಬೇಕೆಂದಿರಿ. ಓವರ್‌ಲೇ ಅನ್ನುವುದು ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡುತ್ತದೆ. ಹಳೆಯ ಚಪ್ಪಲಿ ಹೊಸದರ ಹಾಗೆ ಮಿಂಚುವುದು ಅದರಿಂದಲೇ. ಇನ್ನೊಂದು ಡಿಫರೆನ್ಸ್. ಎರಡು ಫೋಟೋ ಒಂದರ ಮೇಲೊಂದು ಇಟ್ಟು ಮೇಲಿನದಕ್ಕೆ ಡಿಫರೆನ್ಸ್ ಕೊಟ್ಟರೆ, ಎರಡೂ ಒಂದೇ ಆಗಿರುವ ಕಡೆಯೆಲ್ಲ ಕಡುಕಪ್ಪು. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಮಾತ್ರ ಹೊಳೆಯುತ್ತದೆ. ನಮ್ಮ ಮೇಲ್ವಿಚಾರಕರು ಸಂಜೆ ನಮ್ಮ ಕೆಲಸವನ್ನು ಹಾಗೆಯೇ ಪರೀಕ್ಷೆ ಮಾಡುತ್ತಾರೆ, ಗೀರು ಅಳಿಸುವ ನೆಪದಲ್ಲಿ ಹಿಮ್ಮಡಿಯ ಎತ್ತರವನ್ನೇ ಬದಲಿಸಿದ್ದೇವಾ ಎಂದು. ಅದರ ಮುಂದೆ ಯಾರ ಕಳ್ಳತನವೂ ನಡೆಯುವುದಿಲ್ಲ.

ನೀವು ಬಾಯಿಬಿಟ್ಟು ಹೇಳಿದಿರಿ, ನಾನೂ ಹೇಳುತ್ತೇನೆ. ಅಕ್ಕ ಹೋದಾಗ ಗುಬ್ಬಿಗೆ ಆರು ವರ್ಷ. ನನ್ನ ಜೊತೆ ಕಳಿಸಿ, ನಾನು ಸಾಕುತ್ತೇನೆ ಎಂದು ಭಾವನನ್ನು ಕೇಳಿಕೊಂಡೆ. ಕಳಿಸಲಿಲ್ಲ. ಎರಡು ವರ್ಷಕ್ಕೆ ನೀವು ಬಂದಿರಿ. ಈಗ ಅವಳು ಫೋನ್ ಮಾಡಿದರೆ ಪ್ರತಿ ಮಾತಿಗೂ "ಮನೆ ಚಿಕ್ಕಮ್ಮ ಹೀಗಂದ್ರು, ಮನೆ ಚಿಕ್ಕಮ್ಮ ಹಾಗಂದ್ರು". ಅವಳ ಅಮ್ಮನ ಒಡಹುಟ್ಟಿದವಳು ನಾನು. ನಾನು ದೂರದವಳು, ನೀವು ಮನೆಯವರು. ಆ ಹೆಸರನ್ನು ಅವಳಿಗೆ ಕಲಿಸಿದ್ದು ಯಾರೋ ಗೊತ್ತಿಲ್ಲ.

ಫೋಟೋ ಆಗುತ್ತಿದೆ.

ಇತಿ,
ಗುಬ್ಬಿಯ ಚಿಕ್ಕಮ್ಮ

*

ಜೂನ್ 2

ಗುಬ್ಬಿಯ ಚಿಕ್ಕಮ್ಮನವರಿಗೆ,

ಫೋಟೋ ಬಂದಿಲ್ಲ, ಪತ್ರವೂ ಇಲ್ಲ. ಮುನಿಸಿಕೊಂಡಿದ್ದೀರಿ. ಕುಂಬಳಕಾಯಿ ಕಳ್ಳ ಅಂದರೆ ನಾನೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ಮಂಜು ನನ್ನದೇ. ಮನೆಯವರು ಪಾಪ, ಅವರಿಗೆ ಊಟಕ್ಕೆ ಕರೆದರೆ ಸಾಕು, ಬೇರೆ ಅಭಿಪ್ರಾಯವೇ ಇಲ್ಲ.

"ದೂರದ", "ಮನೆ" ಅನ್ನುವುದನ್ನು ನಾನು ಕಲಿಸಲಿಲ್ಲ. ಇಬ್ಬರೂ ಚಿಕ್ಕಮ್ಮಂದಿರೇ, ಗುರುತು ಹಿಡಿಯಲು ಅವಳೇ ಇಟ್ಟುಕೊಂಡ ಹೆಸರು. ಅವಳು ನಿಮ್ಮ ಹತ್ತಿರ ನನ್ನ ಮಾತು ಆಡುತ್ತಾಳೆ ಅಂದಿರಿ. ನನ್ನ ಹತ್ತಿರ ಯಾರ ಮಾತು ಆಡುತ್ತಾಳೆ ಗೊತ್ತೇ? "ದೂರದ ಚಿಕ್ಕಮ್ಮ ಇದ್ದಿದ್ರೆ ಈ ಅಂಗಿಗೆ ಬಣ್ಣ ಸರಿಯಾಗಿ ಆರಿಸ್ತಿದ್ರು." ಹತ್ತು ವರ್ಷದಿಂದ ಅವಳ ಅಂಗಿ ಹೊಲಿಯುತ್ತಿರುವುದು ನಾನು.

ಸೂಟ್‌ಕೇಸ್ ತಂದಾಗಿದೆ. ದಿನಾ ಸಂಜೆ ಬಂದು "ಫೋಟೋ ಬಂತಾ?" ಅಂತ ಕೇಳುತ್ತಾಳೆ. ನನ್ನ ಮೇಲಿನ ಕೋಪವನ್ನು ಅವಳ ಮೇಲೆ ತೀರಿಸಬೇಡಿ.

ಇತಿ,
ಮನೆಯವಳು

*

ಜೂನ್ 8

ಫೋಟೋ ಇದರ ಜೊತೆ ಇದೆ. ನೀವು ಕಳಿಸಿದ್ದ ಅಳತೆಯಲ್ಲೇ ಇದೆ, ಹಾಗೇ ಪ್ರಿಂಟ್ ಹಾಕಿಸಬಹುದು. ಗುಬ್ಬಿಗೆ ತೋರಿಸಿ, ಏನಂದಳು ಬರೆಯಿರಿ.

*

ಜೂನ್ 9

ಚಪ್ಪಲಿ ಕಂಪನಿಯವರಿಗೆ,

ಗುಬ್ಬಿಗೆ ತೋರಿಸಿಲ್ಲ. ತೋರಿಸುವುದೂ ಇಲ್ಲ. ಇನ್ನೂ ಬಂದಿಲ್ಲ ಅಂತ ಸುಳ್ಳು ಹೇಳಿದ್ದೇನೆ.

ಮೊದಲು ನೋಡಿದಾಗ ಚೆನ್ನಾಗಿದೆ ಅನ್ನಿಸಿತು, ನಿಜ ಹೇಳುತ್ತೇನೆ. ನಿಮ್ಮ ಅಕ್ಕ ಈಗಷ್ಟೇ ಒಳಗಿನ ಕೋಣೆಯಿಂದ ಬಂದು ನಿಂತ ಹಾಗಿದ್ದಾರೆ. ಆಮೇಲೆ ಗುಬ್ಬಿಯ ಹೆಗಲು ನೋಡಿದೆ. ಅವರ ಕೈ ಅಲ್ಲಿದೆ. ಅವರ ತೋಳು ಇಳಿದು ಬಂದು, ನಾಲ್ಕು ಬೆರಳು ಮಗುವಿನ ಹೆಗಲ ಮೇಲೆ ನೆಟ್ಟಗೆ ಕೂತಿದೆ. ಎಂಥ ಕೈ. ನೀಳ ಬೆರಳು, ಆ ಹೆಗಲಿಗೇ ಅಳತೆ ತೆಗೆದು ಹೊಲಿದ ಹಾಗೆ. ಬಂದವರೆಲ್ಲ ಹೊಗಳುತ್ತಿದ್ದುದು ಸುಳ್ಳಲ್ಲ. ನನ್ನ ತೋಳು ಎಲ್ಲಿ? ಅವರ ಹಿಂದೆ ಹೋಗಿ ಮಾಯವಾಗಿದೆ. ನನ್ನ ಕೈಯನ್ನು ಅಳಿಸಿ ಅವರದನ್ನು ಇಟ್ಟಿದ್ದೀರಿ. ನಾನು ಪರದೆಯ ಪಕ್ಕ ಮೊಂಡುಗೈಯವಳ ಹಾಗೆ ನಿಂತಿದ್ದೇನೆ.

ಅಷ್ಟಕ್ಕೇ ಬಿಡುತ್ತಿದ್ದೆ. ಆದರೆ ಅನುಮಾನ ಅನ್ನುವುದು ಬಟ್ಟೆಯ ಎಳೆ, ಒಂದು ಎಳೆದರೆ ಅಂಚೆಲ್ಲ ಬಿಚ್ಚುತ್ತದೆ. ನೀವೇ ಕಲಿಸಿದ್ದು ನೆನಪಾಯಿತು. ಸ್ಟುಡಿಯೋದವರ ಫೋಟೋದ ಮೇಲೆ ನಿಮ್ಮದನ್ನು ಇಟ್ಟು ಡಿಫರೆನ್ಸ್ ಕೊಟ್ಟೆ. ಕಿಟಕಿ ಪರದೆ ಎಳೆದು, ಮೆಷಿನ್ ನಿಲ್ಲಿಸಿ, ಕೂತು ನೋಡಿದೆ.

ಎಲ್ಲ ಕಪ್ಪಾಯಿತು. ಮನೆಯವರು ಕಪ್ಪು. ಕುರ್ಚಿ ಕಪ್ಪು. ಗುಬ್ಬಿ ಕಪ್ಪು. ನಿಮ್ಮ ಅಕ್ಕ ಮಾತ್ರ ಹಸಿರು ನೀಲಿಯಾಗಿ ಧಗಧಗ ಉರಿಯುತ್ತಿದ್ದರು, ಅದು ಸರಿ, ಅವರು ಹೊಸದಾಗಿ ಬಂದವರು. ಆದರೆ ಅಂಚಿನಲ್ಲಿ ಇನ್ನೊಂದು ಕಾಣಿಸಿತು. ಬೂದಿಯ ಬಣ್ಣದಲ್ಲಿ, ಮಂಕಾಗಿ, ಒಂದು ಮುಖ. ನನ್ನದು. ಯಾರನ್ನೂ ಮುಟ್ಟದ ನೀವು ನನ್ನ ಮುಖವನ್ನು ಮುಟ್ಟಿದ್ದೀರಿ. ಚಪ್ಪಲಿಗೆ ನೆರಳು ಹಾಕುವ ಕೈ ತಾನೆ. ನನ್ನನ್ನು ಕಪ್ಪು ಮಾಡಿದ್ದೀರಿ, ನಿಮ್ಮ ಅಕ್ಕ ಬೆಳಗಲಿ ಅಂತ.

ಅದರ ಮುಂದೆ ಯಾರ ಕಳ್ಳತನವೂ ನಡೆಯುವುದಿಲ್ಲ ಅಂದಿದ್ದಿರಿ. ನಡೆಯಲಿಲ್ಲ.

ಸ್ಟುಡಿಯೋದವರಿಗೇ ಕೊಡುತ್ತೇನೆ. ಅವರಿಗೆ ನಿಮ್ಮ ಅಕ್ಕನ ಮುಖ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ನನ್ನ ಮುಖದ ಮೇಲೆ ಹಗೆಯಿಲ್ಲ.

*

ಜೂನ್ 17

ಗುಬ್ಬಿಯ ಮನೆ ಚಿಕ್ಕಮ್ಮನವರಿಗೆ,

ನಿಮ್ಮ ಪತ್ರ ಬಂದ ದಿನವೇ ಒಂದು ಉತ್ತರ ಬರೆದೆ. ಅದರಲ್ಲಿ ಬೈಗುಳ ಬಿಟ್ಟರೆ ಬೇರೇನೂ ಇರಲಿಲ್ಲ, ಕಳಿಸಲಿಲ್ಲ. ಇದು ಸಿಟ್ಟು ಆರಿದ ಮೇಲೆ ಬರೆಯುತ್ತಿರುವುದು.

ಡಿಫರೆನ್ಸ್ ಬಗ್ಗೆ ಒಂದು ಮಾತು ನಾನು ಹೇಳಿರಲಿಲ್ಲ. ಅದು ಎರಡು ಫೋಟೋಗಳಲ್ಲಿ ಹೆಚ್ಚಿರುವ ಬೆಳಕಿನಿಂದ ಕಡಿಮೆ ಇರುವುದನ್ನು ಕಳೆದು, ಉಳಿದದ್ದನ್ನು ತೋರಿಸುತ್ತದೆ. ಯಾವುದರಲ್ಲಿ ಹೆಚ್ಚು, ಯಾವುದರಲ್ಲಿ ಕಡಿಮೆ ಎಂದು ಹೇಳುವುದಿಲ್ಲ. ಒಂದು ಮುಖವನ್ನು ಕಪ್ಪು ಮಾಡಿದರೂ ಅದು ಅಷ್ಟೇ ಹೊಳೆಯುತ್ತದೆ, ಬೆಳ್ಳಗೆ ಮಾಡಿದರೂ ಅಷ್ಟೇ ಹೊಳೆಯುತ್ತದೆ. ಎರಡೂ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನಿಮ್ಮ ಮುಖವನ್ನು ಮಾತ್ರ ನೋಡಿ. ಸ್ಟುಡಿಯೋದವರು ನಿಮ್ಮನ್ನು ಪರದೆಯ ಅಂಚಿಗೆ ತಳ್ಳಿದ್ದರಿಂದ ಅರ್ಧ ಮುಖ ನೆರಳಿನಲ್ಲಿತ್ತು. ಅದರ ಮೇಲೆ ಒಂದು ತೆಳು ಪದರ ಸ್ಕ್ರೀನ್ ಮೋಡ್‌ನಲ್ಲಿ ಇಟ್ಟು ಬೆಳಕು ತಂದಿದ್ದೇನೆ.

ಹಾಗಂತ ನಾನು ದೇವತೆಯಲ್ಲ. ನಿಮ್ಮ ಅನುಮಾನ ಸುಳ್ಳಲ್ಲ, ತಡವಾಯಿತು ಅಷ್ಟೇ. ಮೊದಲು ನಿಮ್ಮ ಮೇಲೆ ಇಟ್ಟದ್ದು ಮಲ್ಟಿಪ್ಲೈ. ಚಪ್ಪಲಿ ನೆರಳಿನ ಪದರವನ್ನೇ ತಂದು ನಿಮ್ಮ ಮುಖಕ್ಕೆ ಹಾಕಿದೆ. ಯಾರಿಗೂ ಗೊತ್ತಾಗದಷ್ಟು, ಆದರೆ ಕಣ್ಣು ನಿಮ್ಮನ್ನು ದಾಟಿ ಅಕ್ಕನ ಮೇಲೆ ಹೋಗುವಷ್ಟು. ಕೆಲವು ದಿನ ಹಾಗೇ ಇಟ್ಟುಕೊಂಡು ನೋಡುತ್ತಿದ್ದೆ. ಹಾಯಾಗಿತ್ತು. ನಿಮಗೆ ಪತ್ರ ಬರೆಯದೇ ಇದ್ದದ್ದು ಆ ದಿನಗಳಲ್ಲೇ.

ಒಂದು ಮಧ್ಯಾಹ್ನ ಮೇಲ್ವಿಚಾರಕರು ಕಾಫಿ ಲೋಟ ಹಿಡಿದು ನನ್ನ ಹಿಂದೆ ಬಂದು ನಿಂತರು. "ಈ ಕೊನೇಲಿ ಕತ್ತಲಲ್ಲಿ ನಿಂತಿರೋರು ಯಾರು? ಮನೆ ಕೆಲ್ಸದೋರಾ?" ಅಂದರು.

"ಅಲ್ಲ ಸಾರ್, ನಮ್ಮ ಗುಬ್ಬೀನ ಸಾಕಿದೋರು" ಅಂದೆ.

ಬಾಯಿಂದ ಬಂದುಬಿಟ್ಟಿತು. ಇಷ್ಟು ವರ್ಷ ಒಂದು ಸಲವೂ ಹಾಗೆ ಅಂದವಳಲ್ಲ. ಅವರು ಹೋದ ಮೇಲೆ ಆ ಪದರವನ್ನು ತೆಗೆದುಹಾಕಿದೆ. ಸ್ಕ್ರೀನ್ ಕೊಟ್ಟದ್ದು ಆಮೇಲೆ. ತುಸು ಹೆಚ್ಚೇ ಆಯಿತೇನೋ.

ಇನ್ನು ಕೈ. ಅದನ್ನು ಓದಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೀವು ಕಳಿಸಿದ ಅಕ್ಕನ ಫೋಟೋದಲ್ಲಿ ಮೊಣಕೈಯಿಂದ ಕೆಳಗೆ ಏನೂ ಇಲ್ಲವೆಂದು ನೀವೇ ಬರೆದಿದ್ದಿರಿ. ಕೈಯನ್ನು ನಾನು ಎಲ್ಲಿಂದ ತರಲಿ? ಮೊದಲು ನನ್ನದನ್ನೇ ತಂದೆ. ಅಕ್ಕತಂಗಿಯರ ಕೈ ಒಂದೇ ಅಚ್ಚು ಎಂದು ಎಲ್ಲರೂ ಅನ್ನುತ್ತಿದ್ದರು. ಆಫೀಸಿನ ಗೆಳತಿಯ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿ, ಕತ್ತರಿಸಿ, ಗುಬ್ಬಿಯ ಹೆಗಲ ಮೇಲೆ ಕೂರಿಸಿದೆ. ಕೂರಲಿಲ್ಲ. ಎಷ್ಟು ಮೋಡ್ ಬದಲಿಸಿದರೂ ತೇಲುತ್ತಿತ್ತು.

ಯಾಕೆಂದು ಆಮೇಲೆ ಕಂಡಿತು. ನಿಮ್ಮ ಬೆರಳು ಒತ್ತಿದ್ದ ಕಡೆ ಅವಳ ಅಂಗಿಯಲ್ಲಿ ನೆರಿಗೆ ಎದ್ದಿದೆ. ಅವಳ ಕತ್ತು ಆ ಕಡೆಗೆ ಸ್ವಲ್ಪ ವಾಲಿದೆ. ನಿಮ್ಮ ಕೈ ತೆಗೆದರೆ ಅವಳು ಗಾಳಿಗೆ ಒರಗಿದವಳ ಹಾಗೆ ಕಾಣುತ್ತಾಳೆ. ಅದಕ್ಕೇ ನನ್ನದನ್ನು ತೆಗೆದು, ನಿಮ್ಮದನ್ನು ಇದ್ದ ಹಾಗೆ ಬಿಟ್ಟೆ. ಅಕ್ಕನ ತೋಳಿನ ಬಟ್ಟೆಯನ್ನು ಮಾತ್ರ ಮಣಿಕಟ್ಟಿನವರೆಗೆ ಎಳೆದು ತಂದೆ. ಪಕ್ಕದ ತೋಳು ಯಾರದೋ ಕೈಯೂ ಅವರದೇ ಎಂದು ಕಣ್ಣು ನಂಬಿಬಿಡುತ್ತದೆ. ನೀವೂ ನಂಬಿದಿರಿ.

ಡಿಫರೆನ್ಸ್ ಇನ್ನೊಮ್ಮೆ ಹಾಕಿ. ಹೊಳೆಯುವುದನ್ನು ಬಿಡಿ, ಕಪ್ಪಾದದ್ದನ್ನು ನೋಡಿ. ಅಕ್ಕನ ತೋಳು ಮುಗಿದು ಬೆರಳು ಶುರುವಾಗುವ ಕಡೆ ಏನಿದೆ ಎಂದು ನೋಡಿ. ಆಮೇಲೆ ಫೋಟೋ ದೊಡ್ಡದು ಮಾಡಿ ತೋರುಬೆರಳಿನ ಉಗುರು ನೋಡಿ. ಅಭ್ಯಾಸಬಲದಿಂದ ಆ ಸೀಳನ್ನು ಅಳಿಸಲು ಹೋಗಿದ್ದೆ, ಚಪ್ಪಲಿಯ ಗೀರು ಅಳಿಸುವ ಹಾಗೆ. ಯೂನಿಫಾರ್ಮ್ ನೆನಪಾಗಿ ಬಿಟ್ಟೆ.

ತೋರಿಸುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಇತಿ,
ದೂರದ ಚಿಕ್ಕಮ್ಮ

*

ಜೂನ್ 30

ಗುಬ್ಬಿಯ ದೂರದ ಚಿಕ್ಕಮ್ಮನವರಿಗೆ,

ಹಾಸ್ಟೆಲ್‌ನಲ್ಲಿ ಗುಬ್ಬಿಯನ್ನು ಬಿಟ್ಟು ನೆನ್ನೆ ಬಂದೆವು. ಮನೆ ಬಿಕೋ ಅನ್ನುತ್ತಿದೆ. ಇಷ್ಟು ದಿನ ಉತ್ತರ ಬರೆಯದಿದ್ದದ್ದು ಕೆಲಸದಿಂದಲ್ಲ, ನಾಚಿಕೆಯಿಂದ.

ನೀವು ಹೇಳಿದ ಹಾಗೆ ಮಾಡಿದೆ. ಮೊದಲು ಎರಡು ಮುಖ ಅಕ್ಕಪಕ್ಕ ಇಟ್ಟೆ. ನಾನು ಬೆಳ್ಳಗಾಗಿದ್ದೆ. ಇಷ್ಟು ಸುಲಭದ ಕೆಲಸ ಮೊದಲೇ ಯಾಕೆ ಮಾಡಲಿಲ್ಲ ಅಂತ ಕೇಳಬೇಡಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆಮೇಲೆ ಡಿಫರೆನ್ಸ್ ಹಾಕಿದೆ. ನಿಮ್ಮ ಅಕ್ಕ ಮೊದಲಿನ ಹಾಗೇ ಉರಿಯುತ್ತಿದ್ದರು, ತೋಳು ಉರಿಯುತ್ತಿತ್ತು, ಮಣಿಕಟ್ಟಿನ ಹತ್ತಿರ ಬೆಂಕಿ ನಿಂತುಹೋಗಿತ್ತು. ಅಲ್ಲಿಂದ ಮುಂದೆ ಕಪ್ಪು. ದೊಡ್ಡದು ಮಾಡಿ ಉಗುರನ್ನೂ ನೋಡಿದೆ. ನನ್ನ ಕೈಯ ಮೇಲೆ ನಾನೇ ಹೊಟ್ಟೆಕಿಚ್ಚು ಪಟ್ಟಿದ್ದೆ. ನೀಳ ಬೆರಳು ಅಂತ ಬೇರೆ ಬರೆದಿದ್ದೆ. ಆ ಪತ್ರವನ್ನು ದಯವಿಟ್ಟು ಅಳಿಸಿಬಿಡಿ.

ಅವತ್ತೇ ಪ್ರಿಂಟ್ ಹಾಕಿಸಿದೆ. ಸ್ಟುಡಿಯೋದವರು ತಿರುಗಿಸಿ ಮುರುಗಿಸಿ ನೋಡಿ, "ಯಾರು ಮಾಡಿದ್ದು? ಜಾಯಿಂಟೇ ಕಾಣ್ತಿಲ್ಲ" ಅಂದರು. ಮನೆಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಯಾರ ಮುಖ ನೋಡುತ್ತಿದ್ದಾರೆ ಅಂತ ನಾನು ಅವರ ಕಣ್ಣನ್ನೇ ನೋಡುತ್ತಾ ನಿಂತಿದ್ದೆ. "ಚೆನ್ನಾಗಿದೆ" ಅಂದು ಎದ್ದುಹೋದರು. ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಗುಬ್ಬಿಗೆ ಕೈಯ ವಿಷಯ ಹೇಳಬಾರದು ಅಂತ ತೀರ್ಮಾನ ಮಾಡಿದೆ. ಮಗು ಅಮ್ಮನ ಕೈ ಅಂದುಕೊಳ್ಳಲಿ, ಅವಳು ಕೇಳಿದ್ದೇ ಅದನ್ನು. ದೊಡ್ಡ ಮನಸ್ಸು ಅಂತ ತಿಳಿಯಬೇಡಿ, ದಾರಿಯುದ್ದಕ್ಕೂ ಹೇಳಿಬಿಡಲಾ ಅಂತ ನಾಲಗೆ ತುರಿಸುತ್ತಿತ್ತು. ಬಾಯಿ ಮುಚ್ಚಿಕೊಳ್ಳಲು ಸೂಟ್‌ಕೇಸ್ ಬೀಗದ ಕೈ ಎಲ್ಲಿದೆ, ಟವೆಲ್ ಎಲ್ಲಿದೆ ಅಂತ ಸಾವಿರ ಸಲ ಕೇಳಿ ಅವಳಿಂದ ಬೈಸಿಕೊಂಡೆ.

ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ಮಂಚ, ನಾಲ್ಕು ಮೇಜು. ಅವಳದು ಕಿಟಕಿಯ ಪಕ್ಕ. ಮನೆಯವರು ಫೀಸಿನ ರಸೀದಿ ತರಲು ಕೆಳಗೆ ಹೋಗಿದ್ದರು. ನಾನು ಹಾಸಿಗೆಗೆ ಹೊದಿಕೆ ಹಾಸುತ್ತಿದ್ದೆ. ಅವಳು ಫೋಟೋ ಮೇಜಿನ ಮೇಲಿಟ್ಟು, ಸರಿಸಿ, ಮತ್ತೆ ಸರಿಸಿ, ಕೊನೆಗೆ ಕೈಗೆತ್ತಿಕೊಂಡು ಕಿಟಕಿಯ ಹತ್ತಿರ ಹೋದಳು.

"ಚಿಕ್ಕಮ್ಮ, ಅಮ್ಮಂಗೆ ಹೊಲಿಗೆ ಬರ್ತಿತ್ತಾ?" ಅಂದಳು.

"ಇಲ್ವಂತೆ. ಯಾಕೆ?"

"ಉಗುರು ಸೀಳಿದೆ."

ನಾನು ತಲೆದಿಂಬಿನ ಕವರ್ ಹಿಡಿದುಕೊಂಡು ಹಾಗೇ ನಿಂತೆ. ಸಿಕ್ಕಿಬಿದ್ದ ಕಳ್ಳಿಯ ಹಾಗೆ, "ದೂರದ ಚಿಕ್ಕಮ್ಮಂಗೆ ಹೇಳಿ ಸರಿ ಮಾಡಿಸ್ಲಾ? ಅಳಿಸಿ ಕೊಡ್ತಾರೆ" ಅಂದೆ.

ಅವಳು ಫೋಟೋವನ್ನು ಮೇಜಿನ ಮೇಲಿಟ್ಟಳು. ನನ್ನ ಕೈಯಿಂದ ದಿಂಬಿನ ಕವರ್ ಕಿತ್ತುಕೊಂಡು ತಾನೇ ಹಾಕತೊಡಗಿದಳು.

"ಇರ್ಲಿ" ಅಂದಳು.

ಅಷ್ಟೇ. ಬಸ್ಸಿನಲ್ಲಿ ವಾಪಸ್ ಬರುವಾಗ ಮನೆಯವರು "ಕೈಗೇನಾಯ್ತು, ಹಾಗೆ ಹಿಡ್ಕೊಂಡಿದೀಯ" ಅಂದರು. ನಾನು ಒಂದು ಕೈಯಲ್ಲಿ ಇನ್ನೊಂದನ್ನು ಹಿಡಿದುಕೊಂಡು ಕೂತಿದ್ದೆನಂತೆ.

ನಿಮಗೆ ಬರೆಯದೆ ಇರಲಾಗಲಿಲ್ಲ. ಬೇರೆ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ.

ಇತಿ,
ಮನೆ ಚಿಕ್ಕಮ್ಮ

*

ಜುಲೈ 6

ಅಕ್ಕನಿಗೆ,

ಪತ್ರ ಓದಿದೆ. ಓದಿ ಮೊದಲು ಸಂತೋಷವಾಯಿತು. ಆಮೇಲೆ ಮಧ್ಯಾಹ್ನದವರೆಗೆ ಹೊಟ್ಟೆ ಉರಿಯಿತು. ಇಷ್ಟು ದಿನ ನಿಮ್ಮ ಸರದಿ ಎಂದುಕೊಂಡಿದ್ದೆ, ನನ್ನದು ಇನ್ನೂ ಮುಗಿದಿರಲಿಲ್ಲ. ಗುಬ್ಬಿ ಮೇಜಿನ ಫೋಟೋ ತೆಗೆದು ನನಗೂ ಕಳಿಸಿದ್ದಾಳೆ. ಕೆಳಗೆ "ಚಿಕ್ಕಮ್ಮ, ತುಂಬಾ ಚೆನ್ನಾಗಿದೆ" ಎಂದು ಬರೆದಿದ್ದಾಳೆ. ಆ ಮಾತು ನನಗೋ ನಿಮಗೋ ಎಂದು ಬಹಳ ಹೊತ್ತು ಯೋಚಿಸಿದೆ.

ಅವತ್ತು ಕೂರಲಿಲ್ಲವಲ್ಲ, ನನ್ನ ಕೈಯ ಆ ಪದರ, ಅದನ್ನು ಇನ್ನೂ ಅಳಿಸಿಲ್ಲ. ಕೆಲಸದ ಫೈಲ್‌ನಲ್ಲಿ ಅದರ ಕಣ್ಣು ಮುಚ್ಚಿಸಿ, ಕಾಣದ ಹಾಗೆ ಇಟ್ಟಿದ್ದೇನೆ. ಇವತ್ತು ಮತ್ತೆ ತೆರೆದು ನೋಡಿದೆ. ಈಗಲೂ ತೇಲುತ್ತದೆ.

ರಜೆಗೆ ಗುಬ್ಬಿ ಮನೆಗೆ ಬಂದಾಗ ತಿಳಿಸಿ, ನಾನೂ ಬರುತ್ತೇನೆ. ಅದೇ ಸ್ಟುಡಿಯೋದವರ ಹತ್ತಿರ ಇನ್ನೊಂದು ಫೋಟೋ ತೆಗೆಸೋಣ. ಪರದೆಯ ಅಂಚಿಗೆ ಹೋಗಿ ಎಂದರೆ ಈ ಸಲ ಹೋಗಬೇಡಿ. ನಿಮ್ಮ ಕೈಯೂ ಎಲ್ಲಿತ್ತೋ ಅಲ್ಲೇ ಇರಲಿ.

ಅವಳಿಗೆ ಇನ್ನೊಂದು ಹೆಗಲಿದೆ. ಅದನ್ನು ನನಗೆ ಬಿಡಿ.

ಇತಿ,
ದೂರದ ಚಿಕ್ಕಮ್ಮ